ಲಾಗಿನ್ ಆದ ಕೂಡಲೇ ಕನ್ನಡ ಎದ್ದು ಕೂತಿರಬೇಕು

ತುಮಕೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಶಾಲಾ ಶಿಕ್ಷಕರು, ಡಿಟಿಪಿ ಕೆಲಸದವರು ಮತ್ತು ಗ್ರಂಥಾಲಯ ನೋಡಿಕೊಳ್ಳುವವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಅಂದು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಫೈಲುಗಳ ಹೆಸರು, ಅವುಗಳ ಒಳಗಿನ ಸಾಲುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ; ಯಂತ್ರದಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ವಾಚನಾಲಯ ಇದೆ. ದಾನಿಗಳು ಕೊಟ್ಟ ಎರಡು ಹಳೇ ಕಂಪ್ಯೂಟರ್ ಅಲ್ಲಿವೆ, ತಲಾ 2 ಜಿಬಿ ರ‍್ಯಾಮ್. ಅವಕ್ಕೆ ವಿಂಡೋಸ್ ಬದಲಿಗೆ ಲಿನಕ್ಸ್ ಅನ್ನುವ ವ್ಯವಸ್ಥೆ ಹಾಕಿ, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಕೂರಿಸಿಕೊಟ್ಟವನು ನಾನು. ದಿನಾ ಹತ್ತು ಗಂಟೆಗೆ ಸರಿಯಾಗಿ ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಿದ್ದರು. ಪಾವಗಡದ ಕಡೆಯವರು. ತಮ್ಮೂರಿನ ಬರಗಾಲದ ವರ್ಷಗಳ ಬಗ್ಗೆ, ಒಣಗಿದ ಕೆರೆ ಬಗ್ಗೆ, ಗುಳೆ ಹೋದ ಮನೆಗಳ ಬಗ್ಗೆ ಬರೆಯುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಮೊದಲು ಪೆನ್ಸಿಲ್ಲಿನಿಂದ, ಆಮೇಲೆ ಕಂಪ್ಯೂಟರಿನಲ್ಲಿ. ನುಡಿ ಕೀಲಿಮಣೆ ವಿನ್ಯಾಸ ಅವರಿಗೆ ಚೆನ್ನಾಗಿ ಗೊತ್ತು. ಎರಡು ಬೆರಳಲ್ಲೇ ಒತ್ತುತ್ತಾರೆ, ಆದರೆ ಒಂದು ಒತ್ತಕ್ಷರ ತಪ್ಪುವುದಿಲ್ಲ.

ತೊಂದರೆ ಇದ್ದದ್ದು ಬರೆಯುವುದರಲ್ಲಿ ಅಲ್ಲ. ಕಂಪ್ಯೂಟರ್ ಆನ್ ಮಾಡಿ ಕೂತರೆ ಬೀಳುವುದು ಇಂಗ್ಲಿಷ್ ಅಕ್ಷರ. ಆಗ ವಾಚನಾಲಯ ನೋಡಿಕೊಳ್ಳುವ ಹುಡುಗನನ್ನು ಕೂಗುತ್ತಿದ್ದರು: "ಲೋ ಮರಿ, ಸ್ವಲ್ಪ ಕನ್ನಡ ಹಾಕಿಕೊಡಪ್ಪ." ಹುಡುಗ ಬಂದು ಕಪ್ಪು ಪರದೆ ತೆರೆದು ಒಂದು ಸಾಲು ಒತ್ತಿದರೆ ಕನ್ನಡ ಬರುತ್ತಿತ್ತು. ಹುಡುಗ ಟೀ ತರಲು ಹೋಗಿದ್ದರೆ ಮೇಷ್ಟ್ರು ಪೇಪರ್ ಓದುತ್ತಾ ಕಾಯುತ್ತಿದ್ದರು. ಒಂದು ದಿನ ಮೂರು ಸಲ ಕರೆಂಟ್ ಹೋಯಿತು. ಮೂರು ಸಲವೂ ಯಂತ್ರ ಹೊಸದಾಗಿ ಎದ್ದಿತು, ಮೂರು ಸಲವೂ ಕೂಗಬೇಕಾಯಿತು. ನಾಲ್ಕನೇ ಸಲ ಹೋದಾಗ ಅವರು ಯಾರನ್ನೂ ಕರೆಯಲಿಲ್ಲ. ನೋಟ್‌ಬುಕ್ ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು. ಸಂಜೆ ಹುಡುಗ ನನಗೆ ಇದನ್ನು ಹೇಳಿದ.

"ಕನ್ನಡ ಹಾಕಿಕೊಡು" ಅನ್ನುವ ಆ ಮಾತು ನನ್ನನ್ನು ರಾತ್ರಿ ಮಲಗಲು ಬಿಡಲಿಲ್ಲ. ತುಮಕೂರಿನಲ್ಲಿ, ಕನ್ನಡ ಮೇಷ್ಟ್ರಾಗಿದ್ದವರು, ಕನ್ನಡದಲ್ಲಿ ಬರೆಯಲು ಪ್ರತಿ ದಿನ ಇನ್ನೊಬ್ಬರ ಹತ್ತಿರ ಕೇಳಿಕೊಳ್ಳಬೇಕು ಅಂದರೆ ತಪ್ಪು ಅವರದಲ್ಲ. ಯಂತ್ರ ಸಜ್ಜು ಮಾಡಿಕೊಟ್ಟ ನನ್ನದು. ಆರು ಸಾಲಿನ ಒಂದು ಫೈಲ್ ಬರೆದಿಟ್ಟಿದ್ದರೆ ಆ ಕೂಗೇ ಬೇಕಿರಲಿಲ್ಲ. ಇವತ್ತು ನಾನು ನಿಮ್ಮ ಮುಂದೆ ನಿಂತಿರುವುದು ಆ ಆರು ಸಾಲುಗಳನ್ನು ಹೇಳಲಿಕ್ಕೆ. ಜೊತೆಗೆ, ಅವನ್ನು ಬರೆಯುವಾಗ ಕಾಲು ಎಲ್ಲೆಲ್ಲಿ ಜಾರುತ್ತದೆ ಅನ್ನುವುದನ್ನೂ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ಕಂಪ್ಯೂಟರ್ ಆನ್ ಆದಾಗ ತಾನಾಗೇ ಶುರುವಾಗಬೇಕು" ಅಂತ ನಾವೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅದರಲ್ಲಿ ಎರಡು ಬೇರೆ ಗಳಿಗೆಗಳಿವೆ. ಗುಂಡಿ ಒತ್ತಿದ ಮೇಲೆ ಮೊದಲು ಲಿನಕ್ಸ್ ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು, ಏಳುತ್ತದೆ, ಅದು ಸಿಸ್ಟಮ್‌ಡಿಯನ್ನು ಎಬ್ಬಿಸುತ್ತದೆ, ಸಿಸ್ಟಮ್‌ಡಿ ನೆಟ್‌ವರ್ಕು, ಪ್ರಿಂಟರು ಇಂಥ ಸೇವೆಗಳನ್ನು ಎಬ್ಬಿಸಿ ಕೊನೆಗೆ ಲಾಗಿನ್ ಪರದೆ ತಂದು ನಿಲ್ಲಿಸುತ್ತದೆ. ಅಲ್ಲಿಯವರೆಗೆ ಯಂತ್ರದ ಮುಂದೆ ಯಾರು ಕೂತಿದ್ದಾರೆ ಅನ್ನುವುದೇ ಯಂತ್ರಕ್ಕೆ ಗೊತ್ತಿಲ್ಲ. ನೀವು ಹೆಸರು, ಪಾಸ್‌ವರ್ಡ್ ಕೊಟ್ಟ ಮೇಲೆ ನಿಮ್ಮ ಸೆಷನ್ ಶುರುವಾಗುತ್ತದೆ. ಪ್ಯಾನೆಲ್, ಹಿನ್ನೆಲೆ ಚಿತ್ರ, ಕಿಟಕಿಗಳನ್ನು ಸಂಭಾಳಿಸುವ ಪ್ರೋಗ್ರಾಂ ಎಲ್ಲ ಆಗ ಬರುತ್ತವೆ. ನಾವು ಮಾತಾಡುತ್ತಿರುವ ಆಟೋಸ್ಟಾರ್ಟ್, ಅಂದರೆ ಪ್ರೋಗ್ರಾಂ ತಾನಾಗೇ ಶುರುವಾಗುವ ಏರ್ಪಾಡು, ಈ ಎರಡನೇ ಗಳಿಗೆಗೆ ಸೇರಿದ್ದು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಕೀಲಿಮಣೆಯ ಪ್ರೋಗ್ರಾಮಿಗೆ ಒಬ್ಬ ಬಳಕೆದಾರ ಬೇಕು, ಒಂದು ಪರದೆ ಬೇಕು. ಎಷ್ಟೋ ಜನ, ಹೇಳಿದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ ಅನ್ನುವ ಸಾಧನದಲ್ಲಿ "ಅಟ್ ರೀಬೂಟ್" ಅಂತ ಒಂದು ಸಾಲು ಹಾಕಿ, ಅದರ ಮುಂದೆ ಪರದೆಯ ಮೇಲೆ ಕಾಣಬೇಕಾದ ಪ್ರೋಗ್ರಾಂ ಬರೆದು, ಬರಲಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಬರುವುದಿಲ್ಲ, ಏಕೆಂದರೆ ಆ ಹೊತ್ತಿಗೆ ತೋರಿಸಲು ಪರದೆಯೇ ಇರುವುದಿಲ್ಲ. ಮನೆ ಕಟ್ಟುವ ಮುಂಚೆಯೇ ನೆಂಟರನ್ನು ಕರೆದ ಹಾಗೆ ಅದು.

ಈಗ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಯಾಕೆಂದರೆ ಆರು ಸಾಲಿನ ಫೈಲ್ ಎಷ್ಟು ದೊಡ್ಡ ಅನುಕೂಲ ಅನ್ನುವುದು ಹಳೆಯದನ್ನು ನೋಡಿದರೆ ತಿಳಿಯುತ್ತದೆ. ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್ ಯಂತ್ರಗಳ ಚಿತ್ರಮಯ ಪರದೆಗೆ ಅಡಿಪಾಯವಾದ ಎಕ್ಸ್ ವಿಂಡೋ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಅದರ ಕಾಲದಲ್ಲಿ ಶುರುವಿನ ಪಟ್ಟಿ ಅಂದರೆ ಮನೆಯ ಫೋಲ್ಡರಿನಲ್ಲಿ ಅಡಗಿರುತ್ತಿದ್ದ 'ಡಾಟ್ ಎಕ್ಸ್‌ಇನಿಟ್‌ಆರ್‌ಸಿ' ಅನ್ನುವ ಶೆಲ್ ಸ್ಕ್ರಿಪ್ಟ್, ಅಂದರೆ ಸಾಲುಸಾಲಾಗಿ ನಡೆಯುವ ಆದೇಶಗಳ ಪಟ್ಟಿ. ಗಡಿಯಾರ ಬೇಕೇ, ಒಂದು ಸಾಲು. ಟರ್ಮಿನಲ್ ಬೇಕೇ, ಇನ್ನೊಂದು ಸಾಲು. ಪ್ರತಿ ಸಾಲಿನ ಕೊನೆಗೆ ಆ್ಯಂಪರ್‌ಸ್ಯಾಂಡ್ ಚಿಹ್ನೆ ಹಾಕಬೇಕು. "ಇದನ್ನು ಶುರು ಮಾಡು, ಇದು ಮುಗಿಯುವವರೆಗೆ ಕಾಯಬೇಡ, ಮುಂದಿನ ಸಾಲಿಗೆ ಹೋಗು" ಅಂತ ಅದರ ಅರ್ಥ. ಆ ಚಿಹ್ನೆ ಮರೆತರೆ ಸ್ಕ್ರಿಪ್ಟ್ ಅಲ್ಲೇ ನಿಂತುಬಿಡುತ್ತದೆ. ಗಡಿಯಾರ ಒಂದೇ ಪರದೆಯ ಮೇಲೆ ಟಿಕ್ ಟಿಕ್ ಅನ್ನುತ್ತಾ ಕೂತಿರುತ್ತದೆ, ಬೇರೇನೂ ಬರುವುದಿಲ್ಲ. ಕಟ್ಟಕಡೆಯ ಸಾಲಿಗೆ ಮಾತ್ರ ಆ ಚಿಹ್ನೆ ಇರಬಾರದು. ಅಲ್ಲಿ ಕಿಟಕಿಗಳನ್ನು ಸಂಭಾಳಿಸುವ ವಿಂಡೋ ಮ್ಯಾನೇಜರ್ ಇರುತ್ತದೆ. ಅದು ಮುಗಿದಾಗಲೇ ಸೆಷನ್ ಮುಗಿಯಬೇಕು. ಓಪನ್‌ಬಾಕ್ಸ್‌ನಂಥ ಹಗುರ ಏರ್ಪಾಡು ಬಳಸುವವರಿಗೆ ಇವತ್ತಿಗೂ ಈ ಚಿಹ್ನೆಯ ಪಾಠ ಬೇಕು. ಅದರ ಆಟೋಸ್ಟಾರ್ಟ್ ಫೈಲ್ ಇದೇ ಜಾತಿಯದು.

1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಕೆಡಿಇ ಅನ್ನುವ ಡೆಸ್ಕ್‌ಟಾಪ್ ಶುರು ಮಾಡಿದರು. ಮರುವರ್ಷ ಮೆಕ್ಸಿಕೋದ ಮಿಗೆಲ್ ಡಿ ಇಕಾಸಾ ಮತ್ತು ಫೆಡೆರಿಕೋ ಮೆನಾ ಗ್ನೋಮ್ ಅನ್ನುವ ಇನ್ನೊಂದು ಡೆಸ್ಕ್‌ಟಾಪ್ ಶುರು ಮಾಡಿದರು. ಎಕ್ಸ್‌ಎಫ್‌ಸಿಇ ಕೂಡ 1996ರದ್ದೇ. ಒಬ್ಬೊಬ್ಬರದು ಒಂದೊಂದು ಪದ್ಧತಿ. ಒಂದು ಪ್ರೋಗ್ರಾಂ ಬರೆದವನು ಅದು ಎಲ್ಲ ಕಡೆ ತಾನಾಗೇ ಏಳಬೇಕು ಅಂದರೆ ಮೂರು ಮನೆಯ ಬಾಗಿಲು ಬೇರೆ ಬೇರೆ ತಟ್ಟಬೇಕಿತ್ತು. 2000ದಲ್ಲಿ ಹ್ಯಾವಕ್ ಪೆನ್ನಿಂಗ್ಟನ್ ಫ್ರೀಡೆಸ್ಕ್‌ಟಾಪ್ ಅನ್ನುವ ಕೂಟ ಕಟ್ಟಿದರು. ಡೆಸ್ಕ್‌ಟಾಪುಗಳು ತಮ್ಮತಮ್ಮಲ್ಲಿ ಪೈಪೋಟಿ ಮಾಡಲಿ, ಆದರೆ ಬಳಕೆದಾರನಿಗೆ ನೋವಾಗುವ ಇಂಥ ಸಣ್ಣ ವಿಷಯಗಳಲ್ಲಿ ಒಂದು ಒಪ್ಪಂದಕ್ಕೆ ಬರಲಿ ಅನ್ನುವುದು ಅದರ ಕೆಲಸ. ಆಟೋಸ್ಟಾರ್ಟಿನ ಒಪ್ಪಂದವೂ ಅಲ್ಲಿಂದಲೇ ಬಂದದ್ದು. ಹೊಗಳಿಕೆ ಸಿಗದ ಕೆಲಸ ಅದು. ಆದರೆ ನಮ್ಮ ವಾಚನಾಲಯದಲ್ಲಿ ನಾನು ಬರೆದ ಫೈಲ್ ನಾಳೆ ನಿಮ್ಮ ಶಾಲೆಯ ಗ್ನೋಮ್‌ನಲ್ಲಿಯೂ, ಇನ್ನೊಬ್ಬರ ಕೆಡಿಇಯಲ್ಲಿಯೂ ಹಾಗೇ ನಡೆಯುತ್ತದೆ ಅಂದರೆ ಅದು ಆ ಕೂಟದವರ ಉಪಕಾರ.

ಒಪ್ಪಂದ ಏನು? ಎರಡು ಜಾಗ ಇವೆ. ಒಂದು ನಿಮ್ಮ ಸ್ವಂತದ್ದು: ಮನೆಯ ಫೋಲ್ಡರ್, ಅದರೊಳಗೆ 'ಡಾಟ್ ಕಾನ್ಫಿಗ್', ಅದರೊಳಗೆ 'ಆಟೋಸ್ಟಾರ್ಟ್'. ಹೆಸರಿನ ಮುಂದೆ ಚುಕ್ಕೆ ಇರುವುದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಕಾಣುತ್ತದೆ. ಇನ್ನೊಂದು ಇಡೀ ಯಂತ್ರಕ್ಕೆ ಸೇರಿದ್ದು: 'ಇಟಿಸಿ' ಒಳಗೆ 'ಎಕ್ಸ್‌ಡಿಜಿ', ಅದರೊಳಗೆ 'ಆಟೋಸ್ಟಾರ್ಟ್'. ಮೊದಲನೆಯದರಲ್ಲಿ ಇಟ್ಟದ್ದು ನಿಮಗೆ ಮಾತ್ರ, ಎರಡನೆಯದರಲ್ಲಿ ಇಟ್ಟದ್ದು ಆ ಯಂತ್ರಕ್ಕೆ ಲಾಗಿನ್ ಆಗುವ ಎಲ್ಲರಿಗೂ. ಡೆಸ್ಕ್‌ಟಾಪ್ ಏಳುವಾಗ ಎರಡೂ ಕಡೆ ಕಣ್ಣಾಡಿಸಿ, ಅಲ್ಲಿರುವ 'ಡಾಟ್ ಡೆಸ್ಕ್‌ಟಾಪ್' ಫೈಲುಗಳನ್ನು ಓದಿ, ಅವು ಹೇಳಿದ ಪ್ರೋಗ್ರಾಮುಗಳನ್ನು ಶುರು ಮಾಡುತ್ತದೆ.

ಫೈಲ್ ಒಳಗೆ ಏನಿರುತ್ತದೆ ನೋಡಿ. ಸಾದಾ ಟೆಕ್ಸ್ಟ್. ಮೊದಲ ಸಾಲು ಚೌಕ ಕಂಸದೊಳಗೆ 'ಡೆಸ್ಕ್‌ಟಾಪ್ ಎಂಟ್ರಿ'. ಎರಡನೆಯದು 'ಟೈಪ್ ಸಮ ಅಪ್ಲಿಕೇಶನ್', ಅಂದರೆ ಇದು ಪ್ರೋಗ್ರಾಂ ಅಂತ; ಸಮ ಅಂದಲ್ಲೆಲ್ಲ = ಚಿಹ್ನೆ ಹಾಕಬೇಕು. ಮೂರನೆಯದು 'ನೇಮ್', ಪಟ್ಟಿಯಲ್ಲಿ ಕಾಣಬೇಕಾದ ಹೆಸರು. ನಾಲ್ಕನೆಯದರಲ್ಲಿ ಮತ್ತೆ 'ನೇಮ್', ಆದರೆ ಅದಕ್ಕೆ ಅಂಟಿಕೊಂಡು ಚೌಕ ಕಂಸದಲ್ಲಿ 'ಕೆಎನ್'. ಕೆಎನ್ ಅಂದರೆ ಕನ್ನಡದ ಭಾಷಾ ಸಂಕೇತ. ಅದರ ಮುಂದೆ ನಾನು ಬರೆದದ್ದು "ಕನ್ನಡ ಕೀಲಿಮಣೆ", ಕನ್ನಡ ಅಕ್ಷರದಲ್ಲೇ. ಡೆಸ್ಕ್‌ಟಾಪಿನ ಭಾಷೆ ಕನ್ನಡ ಆಗಿದ್ದರೆ ಪಟ್ಟಿಯಲ್ಲಿ ಆ ಹೆಸರೇ ಕಾಣುತ್ತದೆ. ಯಂತ್ರದ ಹೊಟ್ಟೆಯೊಳಗಿನ ಒಂದು ಫೈಲಿನಲ್ಲಿ ನಮ್ಮ ಭಾಷೆಗೆ ಹೀಗೊಂದು ಜಾಗ ಕಾದಿರಿಸಿ ಇಟ್ಟಿದ್ದಾರೆ. ಮೊದಲ ಸಲ ಅದನ್ನು ತುಂಬಿದಾಗ ನನಗೆ ತುಂಬ ಸಂತೋಷವಾಯಿತು.

ಐದನೆಯದು ಕೆಲಸದ ಸಾಲು: 'ಎಕ್ಸೆಕ್ ಸಮ ಐಬಸ್-ಡೀಮನ್', ಅದರ ಮುಂದೆ ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಡಿ, ಆರ್, ಎಕ್ಸ್ ಅನ್ನುವ ಮೂರು ಅಕ್ಷರ. ಐಬಸ್ ಅಂದರೆ ಲಿನಕ್ಸ್‌ನಲ್ಲಿ ನಾನಾ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ವ್ಯವಸ್ಥೆ. ಡಿ ಅಂದರೆ ತೆರೆಮರೆಯಲ್ಲಿ ನಡೆ ಅಂತ. ಆರ್ ಅಂದರೆ ಈಗಾಗಲೇ ಒಂದು ಐಬಸ್ ನಡೆಯುತ್ತಿದ್ದರೆ ಅದನ್ನು ತೆಗೆದುಹಾಕಿ ಆ ಜಾಗದಲ್ಲಿ ನೀನು ಕೂತುಕೋ ಅಂತ. ಎಕ್ಸ್ ಅಂದರೆ ಹಳೇ ಎಕ್ಸ್ ಪದ್ಧತಿಯ ಪ್ರೋಗ್ರಾಮುಗಳಿಗೂ ಅಕ್ಷರ ಒದಗಿಸು ಅಂತ. ಈ ಆರ್ ಅನ್ನು ದಯವಿಟ್ಟು ಬಿಡಬೇಡಿ. ಯಾರೋ ಒಬ್ಬರು ಮೊದಲೇ ಐಬಸ್ ಶುರು ಮಾಡಿಟ್ಟಿದ್ದರೆ, ಅದರ ಮೇಲೆ ನಿಮ್ಮದೂ ಬಂದು, ಎರಡು ಜಗಳವಾಡುವುದನ್ನು ಅದು ತಪ್ಪಿಸುತ್ತದೆ. ಆರನೆಯದು 'ಟ್ರೈಎಕ್ಸೆಕ್ ಸಮ ಐಬಸ್-ಡೀಮನ್'. ಆ ಪ್ರೋಗ್ರಾಂ ಯಂತ್ರದಲ್ಲಿ ಇದ್ದರೆ ಮಾತ್ರ ಪ್ರಯತ್ನಿಸು, ಇಲ್ಲದಿದ್ದರೆ ಸುಮ್ಮನಿರು ಅಂತ ಅರ್ಥ.

ಇಷ್ಟೇ. ಎಕ್ಸ್‌ಎಫ್‌ಸಿಇಯಲ್ಲಿ ಫೈಲನ್ನು ಕೈಯಾರೆ ಬರೆಯಲೂ ಬೇಕಿಲ್ಲ. ಸೆಟ್ಟಿಂಗ್ಸ್ ಒಳಗೆ 'ಸೆಷನ್ ಅಂಡ್ ಸ್ಟಾರ್ಟಪ್', ಅಲ್ಲಿ ಆಟೋಸ್ಟಾರ್ಟ್ ಪಟ್ಟಿ, ಅದರಲ್ಲಿ ಸೇರಿಸುವ ಗುಂಡಿ. ಕೆಡಿಇಯಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ಆಟೋಸ್ಟಾರ್ಟ್. ಉಬುಂಟು ಅನ್ನುವ ಲಿನಕ್ಸ್ ಬಗೆಯಲ್ಲಿ 'ಸ್ಟಾರ್ಟಪ್ ಅಪ್ಲಿಕೇಶನ್ಸ್'. ಎಲ್ಲವೂ ಕೊನೆಗೆ ಬರೆಯುವುದು ಇದೇ ಫೈಲನ್ನು. ಆದರೂ ಒಂದು ಸಲ ಕೈಯಾರೆ ಬರೆದು ನೋಡಿ ಅಂತ ನಾನು ಹೇಳುತ್ತೇನೆ. ಕೆಟ್ಟಾಗ ಎಲ್ಲಿ ನೋಡಬೇಕು ಅನ್ನುವುದು ಆಗ ಮಾತ್ರ ಗೊತ್ತಾಗುತ್ತದೆ.

ಇನ್ನು ನಾನು ಎಡವಿದ ಜಾಗ. ಐಬಸ್ ಎದ್ದರೆ ಸಾಲದು. "ಅಕ್ಷರ ಬೇಕಾದರೆ ಐಬಸ್ ಹತ್ತಿರ ಕೇಳು" ಅಂತ ಉಳಿದ ಪ್ರೋಗ್ರಾಮುಗಳಿಗೂ ಹೇಳಬೇಕು. ಅದಕ್ಕೆ ಮೂರು ಪರಿಸರ ಚರಗಳಿವೆ, ಅಂದರೆ ಪ್ರೋಗ್ರಾಮುಗಳು ಶುರುವಾಗುವಾಗ ಓದಿಕೊಳ್ಳುವ ಹೆಸರಿಟ್ಟ ಸೂಚನೆಗಳು: ಕಿಟಕಿ, ಗುಂಡಿಗಳನ್ನು ಜಿಟಿಕೆ ಅನ್ನುವ ಸಾಮಗ್ರಿಯಿಂದ ಕಟ್ಟಿದ ಪ್ರೋಗ್ರಾಮುಗಳಿಗೆ ಒಂದು, ಕ್ಯೂಟಿಯಿಂದ ಕಟ್ಟಿದವಕ್ಕೆ ಒಂದು, ಹಳೇ ಎಕ್ಸ್ ಪದ್ಧತಿಯವಕ್ಕೆ ಒಂದು. ನಾನು ಏನು ಮಾಡಿದೆ ಅಂದರೆ, ಈ ಮೂರನ್ನೂ ಒಂದು ಸ್ಕ್ರಿಪ್ಟಿನಲ್ಲಿ ಬರೆದು, ಅದರ ಕೆಳಗೆ ಐಬಸ್ ಶುರು ಮಾಡುವ ಸಾಲು ಸೇರಿಸಿ, ಆ ಸ್ಕ್ರಿಪ್ಟನ್ನು ಆಟೋಸ್ಟಾರ್ಟಿಗೆ ಹಾಕಿದೆ. ಪರೀಕ್ಷೆಗೆಂದು ಸ್ಕ್ರಿಪ್ಟ್ ಒಳಗಿನಿಂದಲೇ ಒಂದು ಎಡಿಟರ್ ತೆರೆದರೆ ಕನ್ನಡ ಚೆನ್ನಾಗಿ ಬಂತು. ಮೇಷ್ಟ್ರು ಬಂದು ಮೆನುವಿನಿಂದ ಲಿಬ್ರೆಆಫೀಸ್ ತೆರೆದರು. ಇಂಗ್ಲಿಷ್. ಅವರು ಏನೂ ಅನ್ನಲಿಲ್ಲ, ನನ್ನ ಮುಖ ನೋಡಿದರು.

ಕಾರಣ ಇಷ್ಟು. ಪರಿಸರ ಚರ ಅನ್ನುವುದು ಆಸ್ತಿ ಇದ್ದ ಹಾಗೆ. ಅಪ್ಪನಿಂದ ಮಕ್ಕಳಿಗೆ ಇಳಿಯುತ್ತದೆ, ತಮ್ಮನಿಂದ ಅಣ್ಣನಿಗೆ ಹೋಗುವುದಿಲ್ಲ. ನನ್ನ ಸ್ಕ್ರಿಪ್ಟೂ ಮೆನುವೂ ಒಂದೇ ಸೆಷನ್ನಿನ ಮಕ್ಕಳು, ಅಣ್ಣತಮ್ಮಂದಿರು. ಸ್ಕ್ರಿಪ್ಟಿನಲ್ಲಿ ಬರೆದ ಚರ ಸ್ಕ್ರಿಪ್ಟಿಗೆ ಹುಟ್ಟಿದ ಎಡಿಟರಿಗೆ ಸಿಕ್ಕಿತು, ಮೆನುವಿಗೆ ಹುಟ್ಟಿದ ಲಿಬ್ರೆಆಫೀಸಿಗೆ ಸಿಗಲಿಲ್ಲ. ಎಲ್ಲರಿಗೂ ಸಿಗಬೇಕು ಅಂದರೆ ಅಪ್ಪನ ಕೈಗೇ ಕೊಡಬೇಕು, ಅಂದರೆ ಸೆಷನ್ ಶುರುವಾಗುವ ಮುಂಚೆ. ನಮ್ಮ ಆ ಯಂತ್ರದಲ್ಲಿ ಲಾಗಿನ್ ವ್ಯವಸ್ಥೆ 'ಡಾಟ್ ಎಕ್ಸ್‌ಪ್ರೊಫೈಲ್' ಅನ್ನುವ ಫೈಲನ್ನು ಮೊದಲು ಓದುತ್ತದೆ. ಮೂರು ಸಾಲನ್ನು ಅಲ್ಲಿಗೆ ಸಾಗಿಸಿದೆ. ಆಟೋಸ್ಟಾರ್ಟಿನಲ್ಲಿ ಐಬಸ್ ಒಂದನ್ನೇ ಬಿಟ್ಟೆ. ಕೆಡಿಇ ಪ್ಲಾಸ್ಮಾದಲ್ಲಿ ಇದಕ್ಕೆಂದೇ ಡಾಟ್ ಕಾನ್ಫಿಗ್ ಒಳಗಿನ 'ಪ್ಲಾಸ್ಮಾ-ವರ್ಕ್‌ಸ್ಪೇಸ್' ಫೋಲ್ಡರಿನಲ್ಲಿ 'ಎನ್ವ್' ಅನ್ನುವ ಜಾಗ ಇದೆ. ಡೆಬಿಯನ್, ಉಬುಂಟು ಇಟ್ಟುಕೊಂಡವರು ಮೊದಲು 'ಇಮ್-ಕಾನ್ಫಿಗ್' ಅನ್ನುವ ಸಾಧನ ತೆರೆದು ಅಲ್ಲಿ ಐಬಸ್ ಆರಿಸಿ. ಚರಗಳನ್ನು ಹಾಕುವ ಕೆಲಸ, ಐಬಸ್ ಎಬ್ಬಿಸುವ ಕೆಲಸ ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಅದು ಸರಿಹೋದರೆ ನಮ್ಮ ಆರು ಸಾಲು ಬೇಕಾಗುವುದೂ ಇಲ್ಲ. ಗ್ನೋಮ್ ಬಳಸುವವರಿಗಂತೂ ಐಬಸ್ ಡೆಸ್ಕ್‌ಟಾಪಿನ ಜೊತೆಯಲ್ಲೇ ಏಳುತ್ತದೆ. ಈ ಕಷ್ಟ ಹೆಚ್ಚಾಗಿ ಹಗುರ ಡೆಸ್ಕ್‌ಟಾಪುಗಳದು, ಅಂದರೆ ಹಳೇ ಯಂತ್ರಗಳದು, ಅಂದರೆ ನಮ್ಮ ಸರ್ಕಾರಿ ಶಾಲೆ, ವಾಚನಾಲಯಗಳದು. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮರುದಿನ ಮೇಷ್ಟ್ರು ಬಂದು ಕೂತು, ಲಾಗಿನ್ ಆಗಿ, ಸೂಪರ್ ಕೀ (ವಿಂಡೋಸ್ ಗುರುತಿನ ಕೀಲಿ) ಜೊತೆ ಸ್ಪೇಸ್ ಒತ್ತಿದರು. ಐಬಸ್‌ನ ಪಟ್ಟಿಯಲ್ಲಿ 'ಕೆಜಿಪಿ' ಅಂತ ಇರುವುದೇ ನುಡಿಯ ವಿನ್ಯಾಸ. ಆ ವಿನ್ಯಾಸದ ಬೇರು ಕನ್ನಡ ತಂತ್ರಾಂಶದ ಹರಿಕಾರ ಕೆ.ಪಿ. ರಾವ್ ಅವರ ಕೆಲಸದಲ್ಲಿದೆ. ಒತ್ತಿದ ಮೊದಲ ಕೀಲಿಗೇ ಕನ್ನಡ ಬಿತ್ತು. ಅವರು ತಿರುಗಿ ನೋಡಲಿಲ್ಲ, ಯಾರನ್ನೂ ಕರೆಯಲಿಲ್ಲ, ಹಿಂದಿನ ದಿನ ನಿಲ್ಲಿಸಿದ ವಾಕ್ಯದಿಂದ ಮುಂದಕ್ಕೆ ಬರೆಯುತ್ತಾ ಹೋದರು. ಹುಡುಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಇನ್ನೂ ಒಂದೆರಡು ಕಡೆ ಜಾರುತ್ತದೆ. ಎಕ್ಸೆಕ್ ಸಾಲಿನಲ್ಲಿ ಬರೆದದ್ದನ್ನು ಶೆಲ್ ಓದುವುದಿಲ್ಲ. ಟರ್ಮಿನಲ್‌ನಲ್ಲಿ ಮನೆಯ ಫೋಲ್ಡರಿಗೆ ಅಲೆಯಂಥ ಟಿಲ್ಡೆ ಚಿಹ್ನೆ ಹಾಕಿ ರೂಢಿಯಾದವರು ಇಲ್ಲೂ ಹಾಗೇ ಹಾಕುತ್ತಾರೆ, ಕೆಲಸ ಮಾಡುವುದಿಲ್ಲ. ಪೂರ್ತಿ ವಿಳಾಸ ಬರೆಯಬೇಕು. ಸ್ಕ್ರಿಪ್ಟ್ ಆಗಿದ್ದರೆ ಅದಕ್ಕೆ ಓಡುವ ಅನುಮತಿ ಕೊಟ್ಟಿರಬೇಕು. ಏನಾಯಿತು ಅಂತ ತಿಳಿಯದಿದ್ದರೆ ಮನೆಯ ಫೋಲ್ಡರಿನಲ್ಲಿ 'ಡಾಟ್ ಎಕ್ಸ್‌ಸೆಷನ್-ಎರರ್ಸ್' ಅನ್ನುವ ಫೈಲ್ ಇದೆಯೇ ನೋಡಿ, ದೂರೆಲ್ಲ ಅಲ್ಲಿರುತ್ತದೆ. ಹೊಸ ವ್ಯವಸ್ಥೆಗಳಲ್ಲಿ 'ಜರ್ನಲ್‌ಸಿಟಿಎಲ್' ಆದೇಶಕ್ಕೆ 'ಯೂಸರ್' ಸೇರಿಸಿ ಕೇಳಬೇಕು. ಎಕ್ಸ್ ಬದಲಿಗೆ ಬಂದಿರುವ ವೇಲ್ಯಾಂಡ್‌ಗೆ ಬದಲಾದವರು, ಕೀಲಿಮಣೆ ವಿನ್ಯಾಸ ಬದಲಾಯಿಸಲು ಹಳೇ ಸ್ಕ್ರಿಪ್ಟಿನಲ್ಲಿದ್ದ 'ಸೆಟ್ಎಕ್ಸ್‌ಕೆಬಿಮ್ಯಾಪ್' ಥರದ ಸಾಲುಗಳನ್ನು ಮರೆತುಬಿಡಿ. ಕೀಲಿಮಣೆ ಈಗ ಡೆಸ್ಕ್‌ಟಾಪಿನ ಕೈಯಲ್ಲಿದೆ, ಬದಲಾಯಿಸಬೇಕಾದರೆ ಅದರ ಸೆಟ್ಟಿಂಗ್ಸ್‌ನಲ್ಲೇ.

ಸರದಿಯ ವಿಷಯಕ್ಕೆ ಬರುತ್ತೇನೆ. ನೀವು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಿರುತ್ತೀರಿ. ಹೋಟೆಲಿನಲ್ಲಿ ಮೊದಲು ಒಲೆ ಹತ್ತಬೇಕು, ನೀರು ಕುದಿಯಬೇಕು, ಆಮೇಲೆ ತಟ್ಟೆ ಇಳಿಸಬೇಕು. ಬಾಗಿಲು ತೆರೆದು ಗಿರಾಕಿಯನ್ನು ಕೂರಿಸಿದ ಮೇಲೆ ಒಲೆ ಹಚ್ಚಲು ಹೋದರೆ ಆಗುತ್ತದೆಯೇ? ಡೆಸ್ಕ್‌ಟಾಪಿನ ಸ್ವಂತ ಭಾಗಗಳಿಗೆ ಇಂಥ ಸರದಿ ಇದೆ: ವಿಂಡೋ ಮ್ಯಾನೇಜರ್ ಮೊದಲು, ಪ್ಯಾನೆಲ್ ಆಮೇಲೆ. ಆದರೆ ಆಟೋಸ್ಟಾರ್ಟ್ ಫೋಲ್ಡರಿನಲ್ಲಿ ನಾವು ಇಟ್ಟ ಫೈಲುಗಳಿಗೆ ಒಪ್ಪಂದದಲ್ಲಿ ಯಾವ ಸರದಿಯನ್ನೂ ಹೇಳಿಲ್ಲ. ಹೆಚ್ಚೂಕಡಿಮೆ ಎಲ್ಲವೂ ಒಟ್ಟಿಗೆ ಎದ್ದು ನುಗ್ಗುತ್ತವೆ.

ಇದು ನನಗೆ ಚೆನ್ನಾಗಿ ಅರ್ಥವಾದದ್ದು ತಿಪಟೂರಿನಲ್ಲಿ. ಅಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿರುವ ಪರಿಚಯದವರೊಬ್ಬರು ಗೋಡೆಗೆ ಒಂದು ಪರದೆ ಹಾಕಿಸಿದ್ದರು. ಬೆಳಿಗ್ಗೆ ಬಂದು ಸ್ವಿಚ್ ಹಾಕಿದರೆ ಅವತ್ತಿನ ಧಾರಣೆಯ ಪುಟ ತಾನಾಗೇ ಕಾಣಬೇಕು, ಕೀಲಿಮಣೆ ಮುಟ್ಟುವ ಗೊಡವೆ ಬೇಡ ಅನ್ನುವುದು ಅವರ ಆಸೆ. ಫೈರ್‌ಫಾಕ್ಸ್ ಬ್ರೌಸರಿಗೆ 'ಕಿಯೋಸ್ಕ್' ಅನ್ನುವ ಆಯ್ಕೆ ಇದೆ. ಪಟ್ಟಿ, ಗುಂಡಿ ಏನೂ ಇಲ್ಲದೆ ಪುಟ ಮಾತ್ರ ಪೂರ್ತಿ ಪರದೆಗೆ ತುಂಬುತ್ತದೆ. ಅದನ್ನು ಆಟೋಸ್ಟಾರ್ಟಿಗೆ ಹಾಕಿ ಬಂದೆ. ಮಾರನೆಯ ದಿನ ಫೋನ್: "ಸರ್, ಬರೀ ಬಿಳೀ ಹಾಳೆ, ಸರ್ವರ್ ಸಿಗಲಿಲ್ಲ ಅಂತ ಬರೆದಿದೆ, ರೈತರು ನೋಡ್ತಾ ನಿಂತವ್ರೆ." ಡೆಸ್ಕ್‌ಟಾಪ್ ವೈಫೈಗಿಂತ ಮೊದಲು ಎದ್ದಿತ್ತು, ಬ್ರೌಸರ್, ಇನ್ನೂ ಬಂದಿರದ ನೆಟ್‌ವರ್ಕನ್ನು ಕೇಳಿ ಸೋತು ಕೂತಿತ್ತು.

ಇಂಥ ಕಡೆ ಎಲ್ಲರೂ ಮೊದಲು ಹೇಳುವ ಮದ್ದು 'ಸ್ಲೀಪ್ 15', ಅಂದರೆ ಹದಿನೈದು ಸೆಕೆಂಡ್ ಸುಮ್ಮನೆ ಕಾಯಿ. ಗ್ನೋಮ್‌ನ ಹಳೇ ಆವೃತ್ತಿಗಳಲ್ಲಿ ಫೈಲಿನೊಳಗೇ ತಡ ಮಾಡುವ ಒಂದು ಸಾಲೂ ಇತ್ತು. ನನಗೆ ಅದು ಒಪ್ಪಿಗೆ ಇಲ್ಲ. ಇವತ್ತು ಹದಿನೈದು ಸಾಕು, ಮಳೆ ಬಂದ ದಿನ ನಲವತ್ತು ಬೇಕಾಗುತ್ತದೆ. ಗಡಿಯಾರ ನೋಡಿ ಕಾಯುವ ಬದಲು ಬರಬೇಕಾದವರು ಬಂದರೇ ಅಂತ ಬಾಗಿಲು ನೋಡಿ ಕಾಯಬೇಕು. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಜೊತೆ 'ಎನ್ಎಂ-ಆನ್‌ಲೈನ್' ಅನ್ನುವ ಸಣ್ಣ ಆದೇಶ ಬರುತ್ತದೆ. ನೆಟ್‌ವರ್ಕ್ ಸಿಗುವವರೆಗೆ ಕಾದು, ಸಿಕ್ಕ ತಕ್ಷಣ ಮುಂದಕ್ಕೆ ಬಿಡುತ್ತದೆ. ಎಷ್ಟು ಹೊತ್ತಿನವರೆಗೆ ಕಾಯಬೇಕು ಅಂತಲೂ ಹೇಳಬಹುದು. ಒಂದು ಸ್ಕ್ರಿಪ್ಟಿನಲ್ಲಿ ಮೊದಲು ಅದು, ಆಮೇಲೆ ಬ್ರೌಸರ್, ಬ್ರೌಸರ್ ಯಾವ ಕಾರಣಕ್ಕೋ ಮುಚ್ಚಿಹೋದರೆ ಐದು ಸೆಕೆಂಡ್ ಬಿಟ್ಟು ಮತ್ತೆ ತೆರೆಯುವ ಒಂದು ಸುತ್ತು. ಆ ಸ್ಕ್ರಿಪ್ಟನ್ನು ಆಟೋಸ್ಟಾರ್ಟಿಗೆ ಕೊಟ್ಟೆ. ಪಾಸ್‌ವರ್ಡ್ ಕೇಳದೆ ಲಾಗಿನ್ ಆಗುವ ಹಾಗೆ ಆ ಒಂದು ಯಂತ್ರಕ್ಕೆ ಮಾತ್ರ ಮಾಡಿದೆ, ಅದರಲ್ಲಿ ಅವರ ಲೆಕ್ಕಪತ್ರ ಏನೂ ಇಲ್ಲ ಅಂತ ಖಚಿತ ಮಾಡಿಕೊಂಡ ಮೇಲೆ. ಈಗ ಕರೆಂಟ್ ಹೋಗಿ ಬಂದರೂ ಧಾರಣೆ ತಾನಾಗೇ ಬಂದು ನಿಲ್ಲುತ್ತದೆ.

ಗ್ನೋಮ್, ಪ್ಲಾಸ್ಮಾ ಬಳಸುವವರಿಗೆ ಇನ್ನೂ ಅಚ್ಚುಕಟ್ಟಾದ ದಾರಿ ಸಿಸ್ಟಮ್‌ಡಿಯ ಬಳಕೆದಾರ ಸೇವೆಗಳು. ಬಿದ್ದರೆ ಎಬ್ಬಿಸು, ಇದಾದ ಮೇಲೆ ಅದು ಅನ್ನುವುದನ್ನೆಲ್ಲ ಅಲ್ಲಿ ಸಾಲುಗಳಲ್ಲೇ ಬರೆಯಬಹುದು. 2020ರಲ್ಲಿ ಬಂದ ಸಿಸ್ಟಮ್‌ಡಿ 246ನೇ ಆವೃತ್ತಿಯಿಂದ ಆಟೋಸ್ಟಾರ್ಟ್ ಫೈಲುಗಳನ್ನೇ ಅಂಥ ಸೇವೆಗಳಾಗಿ ಮಾರ್ಪಡಿಸುವ ಏರ್ಪಾಡೂ ಇದೆ. ಬೇಕಾದವರು ಆಮೇಲೆ ನನ್ನ ಹತ್ತಿರ ಬನ್ನಿ, ತೋರಿಸುತ್ತೇನೆ.

ಇಷ್ಟು ಹೊತ್ತು ಏನೇನು ಎಬ್ಬಿಸಬೇಕು ಅಂತ ಹೇಳಿದೆ. ಎಬ್ಬಿಸಬಾರದ್ದನ್ನೂ ಹೇಳಲೇಬೇಕು, ಏಕೆಂದರೆ ಇಲ್ಲಿರುವ ಡಿಟಿಪಿಯವರ ಮುಖ್ಯ ದೂರು ಅದೇ. ಮದುವೆ ಸೀಸನ್‌ನಲ್ಲಿ ಲಗ್ನಪತ್ರಿಕೆ ಕೆಲಸ ತಲೆ ಮೇಲಿರುವಾಗ ಯಂತ್ರ ಎದ್ದು ನಿಲ್ಲಲು ಐದು ನಿಮಿಷ. ನಿಮ್ಮಲ್ಲಿ ಬಹಳ ಮಂದಿ ವಿಂಡೋಸ್‌ನವರು. ವಿಂಡೋಸ್ 8ರಿಂದ ಟಾಸ್ಕ್ ಮ್ಯಾನೇಜರಿನಲ್ಲೇ ಸ್ಟಾರ್ಟಪ್ ಅನ್ನುವ ಪಟ್ಟಿ ಇದೆ. ಇವತ್ತು ಅಂಗಡಿಗೆ ಹೋಗಿ ತೆರೆದು ನೋಡಿ. ಪ್ರಿಂಟರ್ ಕಂಪನಿಯ ನೆರವುಗಾರ, ಚಾಟ್ ಪ್ರೋಗ್ರಾಂ, ಎಂದೋ ಒಮ್ಮೆ ಹಾಕಿ ಮರೆತ ಡೌನ್‌ಲೋಡರ್, ಎಲ್ಲವೂ ಅಲ್ಲಿ ಸಾಲಾಗಿ ಕೂತಿರುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ನೀವು ಕರೆದಿಲ್ಲ, ತಾವೇ ಬಂದು ಕೂತವು. ಕೇಳದೆ ಹೀಗೆ ಬಂದು ಕೂರುವುದನ್ನು ನಾನು ದೊಡ್ಡ ಅಗೌರವ ಅಂತಲೇ ಎಣಿಸುತ್ತೇನೆ. ಲಾಗಿನ್ ಆದ ಮೊದಲ ನಿಮಿಷ ಕೆಲಸ ಮಾಡಲು ಬಂದವರದು. ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳನ್ನು ಬೇಲಿ ಹಾಕಿ ಕೂರಿಸುವ ಫ್ಲ್ಯಾಟ್‌ಪ್ಯಾಕ್ ಪದ್ಧತಿಯವಕ್ಕೆ ಈಗ ಆಟೋಸ್ಟಾರ್ಟ್ ಬೇಕಾದರೆ ಒಂದು ದ್ವಾರದ ಮೂಲಕ ಅನುಮತಿ ಕೇಳುವ ಕ್ರಮ ಬಂದಿದೆ. ಎಲ್ಲ ಕಡೆ ಹಾಗೇ ಆಗಬೇಕು.

ಬರೀ ನಿಧಾನದ ಪ್ರಶ್ನೆಯೂ ಅಲ್ಲ ಇದು. ಸ್ವಂತ ಆಟೋಸ್ಟಾರ್ಟ್ ಫೋಲ್ಡರಿಗೆ ಬರೆಯಲು ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ. ನಮಗೆ ಅನುಕೂಲವಾದದ್ದು ಕಳ್ಳನಿಗೂ ಅನುಕೂಲ. ಸೈಬರ್ ದಾಳಿಯ ವಿಧಾನಗಳನ್ನು ಪಟ್ಟಿ ಮಾಡುವ ಮೈಟರ್ ಸಂಸ್ಥೆಯ 'ಅಟ್ಯಾಕ್' ಕೋಶದಲ್ಲಿ ಈ ಎಕ್ಸ್‌ಡಿಜಿ ಆಟೋಸ್ಟಾರ್ಟಿಗೂ ಒಂದು ನಮೂದು ಇದೆ: ಒಮ್ಮೆ ಒಳಗೆ ಬಂದ ದುಷ್ಟ ಪ್ರೋಗ್ರಾಂ, ಯಂತ್ರ ಆರಿಸಿ ಹಚ್ಚಿದರೂ ಮತ್ತೆ ಏಳುವಂತೆ ಇಲ್ಲಿ ಒಂದು ಫೈಲ್ ಬಿಟ್ಟುಹೋಗುತ್ತದೆ. ಹಾಗಾಗಿ ಶಾಲೆಯ ಲ್ಯಾಬ್ ನೋಡಿಕೊಳ್ಳುವವರು ತಿಂಗಳಿಗೆ ಒಮ್ಮೆ ಆ ಫೋಲ್ಡರ್ ತೆರೆದು, ಪ್ರತಿ ಫೈಲಿನ ಎಕ್ಸೆಕ್ ಸಾಲು ಓದಿ. ಹತ್ತು ನಿಮಿಷದ ಕೆಲಸ. ಗೊತ್ತಿಲ್ಲದ ವಿಳಾಸ ಕಂಡರೆ ಅದು ಏನು ಅಂತ ವಿಚಾರಿಸದೆ ಬಿಡಬೇಡಿ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. ಮಧುಗಿರಿ ಕಡೆಯ ಒಂದು ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಗ್ರಂಥಾಲಯ, ನೋಡಿಕೊಳ್ಳುವವರು. "ಸರ್, ನಮ್ಮಲ್ಲಿ ಇರೋದು ಒಂದೇ ಕಂಪ್ಯೂಟರ್. ಮಕ್ಕಳೆಲ್ಲ ಒಂದೇ ಹೆಸರಲ್ಲಿ ಲಾಗಿನ್ ಆಗ್ತಾರೆ. ಯಾರೋ ಆ ಪಟ್ಟಿ ತೆಗೆದು ಟಿಕ್ ಗುರುತು ತೆಗೆದುಬಿಟ್ರೆ ಮತ್ತೆ ಕನ್ನಡ ಹೋಗುತ್ತಲ್ಲ? ಫೈಲನ್ನ ಇಟಿಸಿಯಲ್ಲಿ ಇಟ್ಟರೆ ಮಕ್ಕಳಿಗೆ ಮುಟ್ಟೋಕಾಗಲ್ಲ ತಾನೆ?"

ಒಳ್ಳೇ ಪ್ರಶ್ನೆ ಅಮ್ಮ, ಅಂದೆ. ಇಟಿಸಿಯಲ್ಲಿಟ್ಟ ಫೈಲನ್ನು ಅವರು ಅಳಿಸಲಾರರು, ನಿಜ. ಆದರೆ ಒಪ್ಪಂದದಲ್ಲಿ ಒಂದು ಮಾತಿದೆ: ಎರಡೂ ಜಾಗದಲ್ಲಿ ಒಂದೇ ಹೆಸರಿನ ಫೈಲ್ ಇದ್ದರೆ ಬಳಕೆದಾರನ ಫೋಲ್ಡರಿನದ್ದೇ ಗೆಲ್ಲುತ್ತದೆ. ಪಟ್ಟಿಯಲ್ಲಿ ಟಿಕ್ ತೆಗೆದಾಗ ಎಕ್ಸ್‌ಎಫ್‌ಸಿಇ ಇಟಿಸಿಯ ಫೈಲನ್ನು ಮುಟ್ಟುವುದೇ ಇಲ್ಲ. ಅದೇ ಹೆಸರಿನ ಒಂದು ಸಣ್ಣ ಫೈಲನ್ನು ಡಾಟ್ ಕಾನ್ಫಿಗ್ ಒಳಗೆ ಸೃಷ್ಟಿಸಿ, ಅದರಲ್ಲಿ 'ಹಿಡನ್ ಸಮ ಟ್ರೂ' ಅಂತ ಬರೆಯುತ್ತದೆ. ಹಿಡನ್ ಅಂದರೆ ಇಲ್ಲಿ ಬಚ್ಚಿಡುವುದಲ್ಲ, ಈ ಫೈಲ್ ಇಲ್ಲವೇ ಇಲ್ಲ ಅಂತ ತಿಳಿದುಕೋ ಅನ್ನುವ ಅರ್ಥ. ಹಾಗಾಗಿ ನಿಮ್ಮ ಮೂಲ ಫೈಲ್ ಇಟಿಸಿಯಲ್ಲೇ ಇರಲಿ. ಕನ್ನಡ ಹೋಯಿತು ಅಂತ ಮಕ್ಕಳು ಬಂದು ಹೇಳಿದರೆ ಕಂಟ್ರೋಲ್ ಎಚ್ ಒತ್ತಿ, ಡಾಟ್ ಕಾನ್ಫಿಗ್ ಒಳಗಿನ ಆಟೋಸ್ಟಾರ್ಟಿಗೆ ಹೋಗಿ, ಅಲ್ಲಿರುವ ಆ ಒಂದು ಫೈಲನ್ನು ಮಾತ್ರ ಅಳಿಸಿ. ಒಮ್ಮೆ ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ.

ಅವರು ಚೀಲದಿಂದ ಹಾಜರಿ ಪುಸ್ತಕ ತೆಗೆದು, ಅದರ ಕೊನೆಯ ಹಾಳೆಯಲ್ಲಿ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಹೇಳಿಕೊಂಡು ಬರೆದುಕೊಂಡರು. "ಚುಕ್ಕೆ ಮೊದಲಾ, ಆಮೇಲಾ ಸರ್?" ಅಂತ ಕೇಳಿದರು. ಮೊದಲು, ಅಂದೆ.